ಮೂರಕ್ಕೇ ಕೊಟ್ಟ ಬೇಸ್

ಫೆಬ್ರುವರಿ 9, ಭಾನುವಾರ

ಅಂಪೈರಾಗಿ ನನ್ನ ಮೊದಲ ಬೇಸ್‌ಬಾಲ್ ಪಂದ್ಯದಲ್ಲೇ ಎಡವಟ್ಟು. ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿಯಾಗಿ ಸಿಗುವ ಫಸ್ಟ್ ಬೇಸನ್ನು ಮೂರಕ್ಕೇ ಕೊಟ್ಟುಬಿಟ್ಟೆ. ನನಗೆ ಹೊಳೆಯುವಷ್ಟರಲ್ಲಿ ಮುಂದಿನ ಎಸೆತ ಆಗಿಹೋಗಿತ್ತು. ಆಮೇಲೆ ತಿದ್ದುವಂತಿಲ್ಲ. ವಿಮಾನಪುರದ ಇದೇ ಮೈದಾನದಲ್ಲಿ ಆ ನಿಯಮವನ್ನು ನನ್ನ ತಲೆಗೆ ತುಂಬಿದವರು ಕೋಚ್ ಚಿನ್ನಪ್ಪ ಸರ್. ಆ ಬ್ಯಾಟರೇ ಗೆಲುವಿನ ರನ್ ತಂದಳು. ಸೋತದ್ದು ಸರ್ ತಂಡ.

“ಆಗ್ಲೇ ಯಾಕೆ ಕೂಗ್ಲಿಲ್ಲ ಸರ್?” ಎಂದೆ.

“ನೋಡ್ಲೇ ಇಲ್ಲ ಕಣಮ್ಮ ರಾಜೇಶ್ವರಿ, ಶೂ ಲೇಸ್ ಕಟ್ಕೊಳ್ತಿದ್ದೆ,” ಎಂದು ನಕ್ಕು, ತಮ್ಮ ಟೀಯಲ್ಲಿ ಅರ್ಧ ನನಗೆ ಬಗ್ಗಿಸಿದರು.

ಕಲಿಸಿದವರೇ ಹೀಗೆ ಮೈಮರೆತರೆ ಹೇಗೆ ಎಂದು ಹಲಸೂರು ಬರುವವರೆಗೂ ಬೈದುಕೊಂಡೆ. ಮನೆಯಲ್ಲಿ ನನ್ನ ಶೂ ಬಿಚ್ಚುವಾಗ ನೆನಪಾಯಿತು. ಸರ್ ಇವತ್ತು ಹಾಕಿಕೊಂಡು ಬಂದಿದ್ದು ಚಪ್ಪಲಿ.