ಸೋರದ ಪೆಟ್ಟಿಗೆ

ಕಿಂಗ್‌ಸ್ಟನ್, ಜಮೈಕಾ
12 ನವೆಂಬರ್ 1979

ಪ್ರಿಯ ವರ್ನಲ್,

ಅಲ್ಲಿಯ ಚಳಿಯಲ್ಲಿ ನೀನೂ ಮನೆಯವರೂ ಗಟ್ಟಿಯಾಗಿದ್ದೀರೆಂದು ನಂಬಿದ್ದೇನೆ. ಹನ್ನೊಂದು ವರ್ಷ ಕಾಗದ ಬರೆಯದವನು ತಡವಾಯಿತೆಂದು ಕ್ಷಮೆ ಕೇಳುವುದು ತಮಾಷೆಯೇ. ಆದರೂ ಕೇಳುತ್ತೇನೆ. ವಿಳಾಸ ಕೊಟ್ಟವರು ನಿನ್ನ ತಾಯಿ ಬರ್ಡಿಯಮ್ಮ, ಅದೂ ನಿನ್ನೆ ಸಂಜೆ. ನೀನು ಲೀಡ್ಸ್‌ನಲ್ಲಿ ಬಸ್ಸು ಓಡಿಸುತ್ತೀಯೆಂದೂ ಮನೆಯಲ್ಲಿ ಒಂದು ಸುತ್ತಿಗೆ ಕೂಡ ಇಟ್ಟುಕೊಂಡಿಲ್ಲವೆಂದೂ ಅವರೇ ಹೇಳಿದರು.

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ನಿನ್ನ ಸ್ಪೀಕರ್ ಪೆಟ್ಟಿಗೆ ಸೋರುವುದಿಲ್ಲ. ಎಂದೂ ಸೋರಿರಲಿಲ್ಲ. ನಿನ್ನೆ ನಮ್ಮ ಅಂಗಳದಲ್ಲಿ ನಲವತ್ತು ಜನರೆದುರು ಅದು ಸಾಬೀತಾಯಿತು.

ಬೀದಿಯಲ್ಲಿ ಹಾಡು ಹಾಕಿ ಜನರನ್ನು ಕುಣಿಸುವ ನಮ್ಮ ‘ನೀಲಿ ಮುಂಗುಸಿ’ ಸೌಂಡ್ ಇನ್ನೂ ಬದುಕಿದೆ. ಹೊಸ ವರ್ಷದ ದಿನ ಮಾರ್ಷಲ್ ಎಜ್ರಾನ ಸೌಂಡಿನ ಜೊತೆ ಎದುರುಬದುರು ಸ್ಪರ್ಧೆ. ಈಗಿನ ಬೇಸ್ ನೀನಿದ್ದ ಕಾಲದ್ದಲ್ಲ, ಕಿವಿ ಬಿಟ್ಟು ಹೊಟ್ಟೆಗೆ ಇಳಿದಿದೆ. ಅದಕ್ಕಾಗಿ ಮಾರ್ಚಿನಿಂದ ಮೂರು ಪೆಟ್ಟಿಗೆ ಕಟ್ಟಿದೆ. ಬಾಗಿಲಿಗಿಂತ ಎತ್ತರ, ಹಡಗಿಗೆ ಬಳಸುವ ಒಂದಿಂಚಿನ ಪ್ಲೈವುಡ್, ಒಳಗೆ ದನಿ ನಡೆಯುವ ದಾರಿ ಹನ್ನೆರಡು ಅಡಿ, ಮೂರು ಸಲ ಮಡಿಸಿದ್ದು. ದಾರಿ ಉದ್ದವಾದಷ್ಟೂ ದನಿ ಆಳಕ್ಕಿಳಿಯುತ್ತದೆಂದು ನೀನು ಹೇಳುತ್ತಿದ್ದುದು ನೆನಪಿತ್ತು. ಮಡಿಕೆಯಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ಮಾತ್ರ ನಿನ್ನ ಬೆರಳಿಗೆ ಗೊತ್ತಿತ್ತು, ನನಗಲ್ಲ. ಮೂರೂ ಕತ್ತೆಯ ಹಾಗೆ ಅರಚಿದವು.

ನನ್ನ ಹೆಂಡತಿ ಐಸಿಲ್ಡಾ ಈಗ ರೇಡಿಯೋ ರಿಪೇರಿ ಮಾಡುತ್ತಾಳೆ, ನಾಲಿಗೆ ಮೊದಲಿನ ಹಾಗೇ ಇದೆ. ಅವಳೆಂದಳು: “ಇದ್ರಲ್ಲಿ ಮೂರು ಜನಾನ ಹೂಳ್ಬಹುದು, ಹಾಡು ಕೇಳೋಕಾಗಲ್ಲ. ವರ್ನಲ್ ಮಾಡಿದ್ದನ್ನ ತಂದು ನೋಡೋಕೆ ನಿಂಗೇನು ರೋಗ?”

ನಿನ್ನ ಪೆಟ್ಟಿಗೆ ಬರ್ಡಿಯಮ್ಮನ ಹಿತ್ತಲಲ್ಲಿ ಕೋಳಿಗೂಡಾಗಿತ್ತು. ಅವರು ನನ್ನನ್ನು ಬಹಳ ಹೊತ್ತು ಗೇಟಿನಲ್ಲೇ ನಿಲ್ಲಿಸಿದರು. “ಕೋಳಿಗಳಾದ್ರೂ ಮೊಟ್ಟೆ ಇಡ್ತಾವೆ ಕಣೋ ಹೋಪ್ಟನ್. ನಿನ್ ಬಾಯಿಂದ ಏನು ಬಂತು?” ಕೊನೆಗೆ ಕೊಟ್ಟರು, ತಾವೂ ಜೊತೆಗೇ ಬರುವುದೆಂಬ ಷರತ್ತಿನ ಮೇಲೆ. ಆರು ಜನ ಕೈಗಾಡಿಯಲ್ಲಿ ತಂದೆವು. ಸ್ಪೀಕರಿನ ಕಾಗದವನ್ನು ಕೋಳಿಗಳು ಕುಕ್ಕಿ ಮುಗಿಸಿದ್ದವು. ಐಸಿಲ್ಡಾ ಹದಿನೆಂಟು ಇಂಚಿನ ಹೊಸದೊಂದನ್ನು ಕೂರಿಸಿ ತಂತಿ ಕಟ್ಟಿದಳು.

ನಿನ್ನೆ ಚರ್ಚು ಬಿಟ್ಟ ಮೇಲೆ ಹಾಡು ಹಾಕಿದೆವು. ವರ್ನಲ್, ಮೊದಲು ಏನೂ ಕೇಳಿಸಲಿಲ್ಲ. ಬಕೆಟ್ಟಿನ ನೀರು ಉಂಗುರ ಉಂಗುರವಾಯಿತು, ತಗಡಿನ ಬೇಲಿ ತಾನಾಗಿ ಮಾತಾಡತೊಡಗಿತು, ಆಮೇಲೆ ನನ್ನ ಎದೆಗೂಡಿನೊಳಗೆ ಯಾರೋ ಕುರ್ಚಿ ಸರಿಸಿದ ಹಾಗಾಯಿತು. ಮೇಣದಬತ್ತಿ ಹಚ್ಚಿ ಒಂದೊಂದು ಸಂದಿನ ಪಕ್ಕವೂ ಹಿಡಿದೆ. ಎಲ್ಲಿ ಗಾಳಿ ಸೋರುತ್ತದೋ ಅಲ್ಲಿ ಜ್ವಾಲೆ ಬಾಗಬೇಕು. ಎಲ್ಲಿಯೂ ಬಾಗಲಿಲ್ಲ. ಬರ್ಡಿಯಮ್ಮ ಕೂಗಿದರು: “ಅಯ್ಯೋ, ನನ್ ಹಲ್ಲುಸೆಟ್ಟು ಕುಣೀತಿದೆ!”

ಆಮೇಲೆ ನನ್ನ ಹಳೆಯ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ನುಡಿಸಿದೆವು. ಬೇಸ್ ಮಾಯವಾಯಿತು. ಅರವತ್ತೆಂಟರ ಸ್ಪರ್ಧೆಯಲ್ಲಿ ಆದ ಹಾಗೆಯೇ. ಅಂದು ನಿನ್ನ ಪೆಟ್ಟಿಗೆಯ ಗೋಂದು ಇನ್ನೂ ಹಸಿಯಾಗಿತ್ತು, ಎರಡನ್ನೂ ಜೊತೆಗೂಡಿಸಿದ್ದು ಅದೇ ಮೊದಲ ಸಲ. ಮೈಕು ನನ್ನ ಕೈಯಲ್ಲಿತ್ತು. “ಪೆಟ್ಟಿಗೆ ಸೋರ್ತಿದೆ, ಬಡಗೀನ ಕೇಳಿ” ಎಂದೆ. ಮರುದಿನದಿಂದ ನೀನು ಎಲ್ಲರ ಬಾಯಲ್ಲಿ ‘ಸೋರೋ ವರ್ನಲ್’ ಆದೆ.

ನಿನ್ನೆಯೂ ಅಂಗಳದಲ್ಲಿ ಯಾರೋ ಆ ಹೆಸರು ಹಿಡಿದು ನಕ್ಕರು. ಐಸಿಲ್ಡಾ ಎದ್ದುಹೋಗಿ ಟಾರ್ಚಿನ ಬ್ಯಾಟರಿ ತಂದಳು. ಎರಡೂ ಪೆಟ್ಟಿಗೆಯ ತಂತಿಗಳಿಗೆ ಮುಟ್ಟಿಸಿದಳು.

“ಸ್ಪೀಕರ್ ಕಾಗದ ನೋಡ್ರಪ್ಪಾ, ವರ್ನಲ್‌ದು ಮುಂದಕ್ಕೆ ಹಾರ್ತು. ನನ್ ಗಂಡನ್ದು ಹಿಂದಕ್ಕೆ. ಒಂದು ಉಸಿರು ಬಿಡೋವಾಗ ಇನ್ನೊಂದು ಎಳ್ಕೊಂಡ್ರೆ ಬೇಸ್ ಎಲ್ಲಿಂದ ಬರುತ್ತೆ? ಮರದ ಕೆಲಸ ವರ್ನಲ್‌ದು. ಆಗ ಈ ತಂತಿ ಕಟ್ಟಿದ್ಯಾರು?”

ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. “ನಾನೇ” ಎಂದೆ. ಆಮೇಲೆ ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ನನ್ನ ಪೆಟ್ಟಿಗೆಯ ತಂತಿ ತಿರುಗಿಸಿ ಕಟ್ಟಿ ಮತ್ತೆ ಹಾಕಿದೆವು. ಅದನ್ನು ಬರೆಯಲು ನನಗೆ ಬಾರದು. ಮಾವಿನ ಮರದಿಂದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಬೀದಿಯಾಚೆಯವರು ಊಟದ ತಟ್ಟೆ ಹಿಡಿದೇ ಓಡಿಬಂದರು. ಬರ್ಡಿಯಮ್ಮ ನಿನ್ನ ಪೆಟ್ಟಿಗೆಗೆ ಎರಡೂ ಅಂಗೈ ಒತ್ತಿ ನಿಂತವರು ಹಾಡು ಮುಗಿದರೂ ಕೈ ತೆಗೆಯಲಿಲ್ಲ. “ಇನ್ಮೇಲೆ ಯಾವನಾದ್ರೂ ನನ್ ಮಗನ್ನ ಹಾಗೆ ಕರೀಲಿ, ನೋಡ್ತೀನಿ” ಎಂದರು, ಯಾರನ್ನೂ ನೋಡದೆ.

ಕ್ರಿಸ್‌ಮಸ್ಸಿಗೆ ಬಾ. ಅಂಥವು ಇನ್ನೂ ನಾಲ್ಕು ಬೇಕು, ಅದಕ್ಕಿಂತ ದೊಡ್ಡವು. ಪ್ಲೈವುಡ್ ತಂದು ನೆರಳಲ್ಲಿ ಒರಗಿಸಿದ್ದೇನೆ. ಒಳಗಿನ ಮಡಿಕೆಯ ಅಳತೆ ಬೇಕಾದರೆ ನಿನ್ನ ಪೆಟ್ಟಿಗೆಯನ್ನು ಸೀಳಬೇಕು. ಬೆಳಿಗ್ಗೆ ಗರಗಸ ಹಿಡಿದು ನಿಂತೆ, ಆಗಲಿಲ್ಲ. ನೀನು ಬಂದರೂ ಬಾರದಿದ್ದರೂ ಹೊಸ ವರ್ಷದ ದಿನ ಮೈಕಿನಲ್ಲಿ ನನ್ನ ಮೊದಲ ಮಾತು ಆ ಬಡಗಿಯ ಹೆಸರು.

ದೇವರು ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ. ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನಾಕೆಗೆ ಐಸಿಲ್ಡಾಳ ಪ್ರೀತಿ.

ನಿನ್ನ
ಹೋಪ್ಟನ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಸ್ಪರ್ಧೆಯಾದ ಆ ವಾರವೇ, ಗುರುವಾರ, ನನ್ನ ಪೆಟ್ಟಿಗೆಯ ಹಿಂಬದಿ ತೆಗೆದು ನೋಡಿದ್ದೆ. ಭಾನುವಾರ ನಿನಗೆ ಹೇಳೋಣವೆಂದುಕೊಂಡೆ. ಭಾನುವಾರ ಬಾರಿನಲ್ಲಿ ಹುಡುಗರು “ಸೋರೋ, ಏನ್ ಕುಡೀತೀಯಾ?” ಎಂದರು, ನೀನು ನಕ್ಕುಬಿಟ್ಟೆ, ಅದರಿಂದ ನನಗೆ ಸುಲಭವಾಯಿತು. ತಂತಿಯನ್ನು ಉಲ್ಟಾ ಇದ್ದ ಹಾಗೇ ಬಿಟ್ಟು ಹಿಂಬದಿಯ ಸ್ಕ್ರೂ ಮತ್ತೆ ತಿರುಗಿಸಿದ್ದೆ. ಒಂಟಿಯಾಗಿ ನುಡಿಯುವ ಪೆಟ್ಟಿಗೆಗೆ ತಂತಿ ಹೇಗಿದ್ದರೂ ನಡೆಯುತ್ತದೆ. ಮೂರು ತಿಂಗಳಿಗೆ ನೀನು ವಿಮಾನ ಹತ್ತಿದೆ, ನಿನ್ನ ಚೀಲ ಹೊತ್ತು ಬಂದವನು ನಾನೇ. ನಿನ್ನೆ ಐಸಿಲ್ಡಾ ಬ್ಯಾಟರಿ ಮುಟ್ಟಿಸಿದಾಗ ಇಡೀ ಅಂಗಳದಲ್ಲಿ ಬೆರಗಾಗದವನು ನಾನೊಬ್ಬನೇ.