ನಿನ್ನ ಪಾಲಿನ ಧೂಮಕೇತು

ಗೆಳತಿ ಸುಮಿತ್ರಾ,

ನೀನು ತೀರಿಕೊಂಡು ವರ್ಷವಾಗುತ್ತ ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಹಾಗೆ ಹೇಳಿದವರಿಗೆ ನಿನ್ನಂಥ ಗೆಳತಿ ಇದ್ದಿರಲಿಕ್ಕಿಲ್ಲ.

೧೯೯೭ರ ಆ ಬೇಸಿಗೆ ನೆನಪಿದೆಯಾ? ಹಾರನಹಳ್ಳಿಯ ನಮ್ಮ ಜಗಲಿಯಿಂದಲೂ ಹುಲಿಕೆರೆಯ ನಿಮ್ಮ ಅಂಗಳದಿಂದಲೂ ಧೂಮಕೇತು ಬರಿಗಣ್ಣಿಗೇ ಕಾಣುತ್ತಿತ್ತು. ಊರವರು ಅದರ ಬಾಲ ನೋಡುತ್ತಿದ್ದರೆ, ನಾವಿಬ್ಬರು ರೇಡಿಯೊ ದೂರದರ್ಶಕದ ಕೋಣೆಯಲ್ಲಿ ಕೂತು ಅದರಲ್ಲಿ ನೀರು ಹುಡುಕುತ್ತಿದ್ದೆವು. ಅಲ್ಲಿಂದ ಹೊರಡುವ ನೀರಿನ ರೇಡಿಯೊ ಅಲೆ ಸಿಕ್ಕರೆ ಹಾಳೆಯ ಗೆರೆಯಲ್ಲಿ ಒಂದು ಸಣ್ಣ ಉಬ್ಬು, ಅಷ್ಟೆ. ಒಂದು ವಾರ ನಿನ್ನ ಸರದಿ, ಮುಂದಿನ ವಾರ ನನ್ನದು. ಉಬ್ಬು ಬಂದದ್ದು ನಿನಗೆ ಮಾತ್ರ.

"ಸುಮಿತ್ರಂಗೆ ನೀರು ಬಿತ್ತಂತಲ್ಲೇ, ನಿಂಗ್ಯಾಕೆ ಬೀಳ್ಲಿಲ್ಲ?" ಎಂದು ನಮ್ಮಮ್ಮ ಪಕ್ಕದ ತೋಟದ ಬೋರ್‌ವೆಲ್ ವಿಚಾರಿಸುವ ಹಾಗೆ ಕೇಳಿದ್ದಳು. ನಗಬೇಕಿತ್ತು. ನಾನು ಊಟ ಬಿಟ್ಟು ಎದ್ದೆ. ಅರಸೀಕೆರೆಯಲ್ಲಿ ನಿನಗೆ ಶಾಲು ಹೊದಿಸಿದ ದಿನ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದೆ. "ನಿಂದೂ ಬತ್ತದೆ ಬಿಡೇ, ಇನ್ನೊಂದು ಧೂಮಕೇತು ಬರ್ಲಿ" ಎಂದೆ ನೀನು. ಆ ಸಮಾಧಾನದ ಮಾತಿತ್ತಲ್ಲ, ಅದನ್ನು ನಾನು... ಹೋಗಲಿ ಬಿಡು.

ಹೋದ ತಿಂಗಳು ಹುಲಿಕೆರೆಗೆ ಹೋದಾಗ ನಿಮ್ಮಮ್ಮ ನಿನ್ನ ಸರದಿಯ ಅಲೆಗಳನ್ನು ದಾಖಲಿಸಿದ್ದ ಟೇಪುಗಳ ಡಬ್ಬ ತಂದು ಮುಂದಿಟ್ಟರು. "ನಮ್ಗೇನ್ ತಿಳೀತೈತೆ ಕಣವ್ವ, ನೀನೇ ತಗೊಂಡೋಗು" ಎಂದರು. ತಂದು ಕಂಪ್ಯೂಟರಿನಲ್ಲಿ ಓದಿಸಿದೆ. ಧೂಮಕೇತುವಿನ ವೇಗ ಬದಲಾದಂತೆ ನೀರಿನ ಉಬ್ಬೂ ದಿನದಿನಕ್ಕೆ ಜಾಗ ಬದಲಿಸಬೇಕು. ನಿನ್ನದು ಎಲ್ಲ ದಿನವೂ ನಿಂತಲ್ಲೇ ನಿಂತಿತ್ತು. ಅಂದರೆ ಅದು ಆಕಾಶದ್ದಲ್ಲ, ನೆಲದ ಮೇಲಿನ ಯಾವುದೋ ಯಂತ್ರದ ಗದ್ದಲ. ಒಂದೊಂದು ದಿನದ ಗೆರೆಯನ್ನೂ ವೇಗಕ್ಕೆ ತಕ್ಕಂತೆ ಸರಿಸಿ ಆಮೇಲೆ ಕೂಡಬೇಕು ಎಂಬ ನಮ್ಮ ಮೊದಲ ಪಾಠವನ್ನೇ ನೀನು ಮರೆತಿದ್ದೆ. ನನಗೆ ಖುಷಿಯಾಯಿತು ಕಣೇ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು, ನಿನ್ನ ಫಲಿತಾಂಶ ಸುಳ್ಳೆಂದು ತೋರಿಸುವ ಲೇಖನ ಶುರು ಮಾಡಿದೆ.

ಪುರಾವೆ ಪೂರ್ತಿಯಾಗಲಿ ಎಂದು ಮರುದಿನ ನಿನ್ನ ಗೆರೆಗಳೆಲ್ಲವನ್ನೂ ಸರಿಸಿ ಮತ್ತೆ ಕೂಡಿದೆ. ನಿನ್ನ ಉಬ್ಬು ಕರಗಿಹೋಯಿತು. ಪಕ್ಕದಲ್ಲಿ, ನೀರು ಇರಬೇಕಾದ ಜಾಗದಲ್ಲೇ, ಇನ್ನೊಂದು ಎದ್ದಿತು. ಸಣ್ಣದು, ಆದರೆ ನಿಜವಾದ್ದು. ನನ್ನ ವಾರಗಳ ಟೇಪುಗಳನ್ನೂ ಹೊರತೆಗೆದು ಹುಡುಕಿದೆ. ಇಲ್ಲ. ಧೂಮಕೇತು ಹೆಚ್ಚು ನೀರು ಉಗುಳಿದ ದಿನಗಳೆಲ್ಲ ನಿನ್ನ ಪಾಲಿಗೇ ಬಂದಿದ್ದವು. ತಪ್ಪು ಮಾಡಿಯೂ ನೀನೇ ಗೆಲ್ಲಬೇಕಾ? ನಾನು ಒಂದು ತಪ್ಪೂ ಮಾಡದೆ...

ಲೇಖನ ನಾಳೆ ಅಂಚೆಗೆ ಹೋಗುತ್ತದೆ. ನಿನ್ನ ತಪ್ಪನ್ನೂ ಬರೆದಿದ್ದೇನೆ, ನಿನ್ನ ನೀರನ್ನೂ ಬರೆದಿದ್ದೇನೆ. ಲೇಖನದ ಮೇಲೆ ನಮ್ಮಿಬ್ಬರ ಹೆಸರುಗಳನ್ನು ಅದಲುಬದಲು ಮಾಡಿ ನೋಡಿದೆ. ಕೊನೆಗೆ ನಿನ್ನದನ್ನೇ ಮೊದಲು ಹಾಕಿದೆ. ನೀನು ಬದುಕಿದ್ದರೆ ನಾನು ಆ ಜಾಗ ಖಂಡಿತ ಬಿಟ್ಟುಕೊಡುತ್ತಿರಲಿಲ್ಲ. ಜಗಳಕ್ಕಾದರೂ ಇರಬೇಕಿತ್ತು ಕಣೇ ನೀನು.

ವಿಶಾಲಾ