ಗೊತ್ತಾಗದಿದ್ದರೆ ಸಿ

ಜೂನ್ 3

ಬೆಳಗಿನ ಬ್ಯಾಚ್. ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಬಿಟ್ಟ ಸ್ಥಳ ತುಂಬುವ ಪಾಠ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ವಾಕ್ಯ ಪೂರ್ತಿ ಓದಿ ಎಂದೆ. ಡ್ಯಾಶ್ ಇರುವಲ್ಲಿ ನಿಮಗೇ ಯಾವ ಪದ ತೋಚುತ್ತದೆ? ಆಮೇಲೆ ಕೈ ತೆಗೆಯಿರಿ. ಅಕ್ಕಪಕ್ಕ ನೋಡಿ — ಮುಂದೆ ‘ಆನ್’ ಇದ್ದರೆ ‘ಡಿಪೆಂಡ್’ ಕೂರುತ್ತದೆ, ‘ಬಿಲೀವ್’ ಕೂರುವುದಿಲ್ಲ.

ಕೋಚಿಂಗ್ ಸೆಂಟರಿನ ಮಾಲೀಕ ಒಳಗೆ ಬಂದ. “ಮೇಡಂ, ಇಷ್ಟೊಂದು ರಾಮಾಯಣ ಯಾಕೆ? ಹಳೇ ಪೇಪರ್‌ಗಳಲ್ಲೆಲ್ಲ ಸಿ ಉತ್ತರಾನೇ ಜಾಸ್ತಿ. ಗೊತ್ತಾಗದಿದ್ರೆ ಸಿ. ಅನುಮಾನ ಬಂದ್ರೂ ಸಿ. ಬರ್ಕೊಳ್ಳಿ ಎಲ್ಲರೂ.”

ಬೋರ್ಡಿನ ಮೇಲೆ ನಾನು ಬರೆದದ್ದನ್ನು ಅಂಗೈಯಲ್ಲೇ ಒರೆಸಿದ. ಎಲ್ಲರೂ ಬರೆದುಕೊಂಡರು. ಸುಮ್ಮನೆ ನಿಂತಿದ್ದೆ. ಬಾಯೆಲ್ಲ ಕಹಿ.

ಜೂನ್ 4

ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿದೆ. ಎ, ಬಿ, ಸಿ, ಡಿ — ಎಲ್ಲ ಹೆಚ್ಚು ಕಡಿಮೆ ಸರಿಸಮ. ಮಾಲೀಕನಿಗೆ ಹೇಳಿದೆ.

“ಗೊತ್ತು ಮೇಡಂ,” ಎಂದ. “ಆದ್ರೆ ಜನಕ್ಕೆ ಕೈಲಿ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ?”

ಗೊತ್ತಂತೆ! ಥೂ.

ಜೂನ್ 21

ನರ್ಸಮ್ಮ ಬಂದಿದ್ದಳು. ಹಿಂದಿನ ಬೆಂಚಿನವಳು, ರಾತ್ರಿ ಡ್ಯೂಟಿ ಮುಗಿಸಿ ನೇರ ಕ್ಲಾಸಿಗೆ ಬರುವವಳು. ಹೆಡ್ ನರ್ಸ್ ಆಗಲು ಈ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಫೇಲ್. ಇನ್ನೊಂದೇ ಅವಕಾಶ ಉಳಿದಿದೆ.

“ಗಾಯ ವಾಸಿ ಆಗೋಕೆ ಎರಡು ವಾರ ಬೇಕಾಯ್ತು ಅಂತಿತ್ತು ಮೇಡಂ. ‘ವಾಸಿ’ ಜಾಗದಲ್ಲಿ ಡ್ಯಾಶ್. ‘ಹೀಲ್’ ಅಂತ ನಂಗೆ ಗೊತ್ತಿತ್ತು. ದಿನಾ ಬ್ಯಾಂಡೇಜ್ ಬಿಚ್ಚಿ ನೋಡೋಳು ನಾನು. ಅದು ‘ಎ’ ಆಯ್ಕೆಲಿತ್ತು. ಇಷ್ಟು ಸುಲಭಾನಾ ಅಂತ ಅನುಮಾನ ಬಂತು… ಸಿ ಹಾಕಿದೆ.”

“ಸಿ ಏನಿತ್ತು?”

“ರಿಪೇರ್.”

ಇಬ್ಬರೂ ನಗಲಿಲ್ಲ. ಹೋಗುವಾಗ ಅವಳು ಹೇಳಿದ್ದು: “ಅವತ್ತು ನೀವೂ ಅಲ್ಲೇ ನಿಂತಿದ್ರಿ ಮೇಡಂ.”

ಮಾಲೀಕನ ಮೇಲೆ ಬರುವ ಹೇಸಿಗೆ ಬೇರೆ. ನನ್ನ ಮೇಲೇ ಬಂದರೆ ಉಗುಳುವುದಾದರೂ ಎಲ್ಲಿ?

ಜೂನ್ 22

ಹೇಳಿಬಿಟ್ಟೆ. ತುಂಬಿದ ಕ್ಲಾಸಿನಲ್ಲಿ. “ಸಿ ಅನ್ನೋದು ಶುದ್ಧ ಸುಳ್ಳು. ನಿಮಗೆ ಗೊತ್ತಿರೋದನ್ನ ಮೊದಲು ನಂಬಿ.” ಮಾಲೀಕ ಬಾಗಿಲಲ್ಲೇ ಇದ್ದ. ಜಗಳವಾಡಲಿಲ್ಲ. “ನಾಳೆಯಿಂದ ರೆಸ್ಟ್ ತಗೊಳ್ಳಿ” ಎಂದ, ಸಕ್ಕರೆ ಸುರಿವ ದನಿಯಲ್ಲಿ. ಅದೇ ಹೆಚ್ಚು ಅಸಹ್ಯ.

ಮನೆಯಲ್ಲಿ ಅತ್ತೆ: “ಬಾಯಿ ಮುಚ್ಕೊಂಡು ಇರೋಕಾಗ್ಲಿಲ್ವೇನೇ?” ಸ್ವಲ್ಪ ಹೊತ್ತಿನ ನಂತರ ಅವರೇ: “ಸರಿಯಾಗಿ ಹೇಳಿದ್ಯೋ ಇಲ್ವೋ? ಅರ್ಧಂಬರ್ಧ ಹೇಳಿ ಬಂದಿಲ್ಲ ತಾನೆ?”

ಜುಲೈ 9

ಆಸ್ಪತ್ರೆ ಕ್ಯಾಂಟೀನಿನ ಮೂಲೆಯ ಮೇಜು. ನರ್ಸಮ್ಮನಿಗೆ ಪಾಠ. ಆಯ್ಕೆಗಳ ಮೇಲೆ ಅಂಗೈ ಊರಿ ಕೂರುತ್ತಾಳೆ, ನಾಡಿ ಹಿಡಿದವಳ ಹಾಗೆ. ಮೊದಲು ತನ್ನ ಪದ ಹೇಳುತ್ತಾಳೆ. ಆಮೇಲಷ್ಟೇ ಕೈ ತೆಗೆಯುತ್ತಾಳೆ. ನಾಲ್ಕರಲ್ಲಿ ಎರಡು ಪದ ವಾಕ್ಯಕ್ಕೆ ಹೊಂದುವುದೇ ಇಲ್ಲ — ಹೊಡೆದು ಹಾಕು. ಉಳಿದೆರಡರಲ್ಲಿ ವಾಕ್ಯ ಸಂತೋಷದ್ದೋ ದುಃಖದ್ದೋ ನೋಡು.

“ಸಿ ಬಂದ್ರೆ ಈಗ ಭಯ ಆಗುತ್ತೆ ಮೇಡಂ,” ಎಂದಳು. “ಸರಿ ಇದ್ರೂ ಹಾಕೋಕೆ ಕೈ ಬರಲ್ಲ.”

ಎಷ್ಟು ಕೆಡಿಸಿಟ್ಟಿದ್ದಾನೆ.

ಆಗಸ್ಟ್ 17

ಪಾಸು. ನರ್ಸಮ್ಮ ಫೋನಿನಲ್ಲಿ ಅತ್ತಳು, ಆಮೇಲೆ ಪೇಷಂಟ್ ಕರೆದರೆಂದು ಓಡಿದಳು. ಅತ್ತೆ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದರು.

ಆಗಸ್ಟ್ 26

ನರ್ಸಮ್ಮ ಕರೆದಳು. “ಮೇಡಂ, ಒಂದ್ಸಲ ಸೆಂಟರ್ ಹತ್ರ ಬನ್ನಿ.”

ಹೋದೆ. ಸೆಂಟರಿನ ಗೋಡೆಯುದ್ದಕ್ಕೂ ಹೊಸ ಬ್ಯಾನರ್. ನಡುವೆ ಅವಳ ಮುಖ, ಬಾಗಿಲಿನಷ್ಟು ದೊಡ್ಡದು — ಸೇರುವಾಗ ಕೊಟ್ಟಿದ್ದ ಫೋಟೋ. ಕೆಳಗೆ: ‘ನಮ್ಮ ಸಿ ಸೂತ್ರದಿಂದಲೇ ಗೆದ್ದೆ.’

ಅವಳು ಯೂನಿಫಾರ್ಮಿನಲ್ಲೇ ಇದ್ದಳು. ಕಾವಲುಗಾರನ ಸ್ಟೂಲ್ ಎಳೆದು ಹತ್ತಿ, ಜೇಬಿನಿಂದ ಬ್ಯಾಂಡೇಜ್ ಕತ್ತರಿ ತೆಗೆದಳು. ಬ್ಯಾನರಿನಲ್ಲಿದ್ದ ಮುಖವನ್ನು ಕಿವಿಯ ಪಕ್ಕದಿಂದ ಶುರು ಮಾಡಿ ಗಲ್ಲ ಬಳಸಿ ನೀಟಾಗಿ ಕತ್ತರಿಸಿದಳು. ಕ್ಲಾಸು ಬಿಟ್ಟಿತ್ತು. ಮೆಟ್ಟಿಲ ಮೇಲೆಲ್ಲ ಜನ.

ಮಾಲೀಕ ಓಡಿ ಬಂದ. “ಏನಮ್ಮಾ ಇದು, ಕೆಳಗಿಳಿ…”

ಅವಳು ತನ್ನ ಮುಖವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಇಳಿಯಲಿಲ್ಲ. ಮೆಟ್ಟಿಲ ಮೇಲಿದ್ದವರ ಕಡೆ ತಿರುಗಿ, ವಾರ್ಡಿಗೆಲ್ಲ ಕೇಳುವಂಥ ದನಿಯಲ್ಲಿ, “ನಾನು ಫೇಲಾಗಿದ್ದು ಯಾಕೆ ಅಂದ್ರೆ—”